ಸೇಡಂ ರಸ್ತೆಯ ವಿಮಾನ ದಿನಗಳು

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟರೆ, ಪೇಟೆಯ ಗದ್ದಲ ಮುಗಿದು ತೊಗರಿ ಹೊಲಗಳು ಶುರುವಾಗುವ ಕಡೆ ಶ್ರೀನಿವಾಸ ಸರಡಗಿ ಸಿಗುತ್ತದೆ. ಜಿಲ್ಲೆಯ ವಿಮಾನ ನಿಲ್ದಾಣ ಇರುವುದು ಇಲ್ಲೇ. ಸುಮಾರು 740 ಎಕರೆ ಜಾಗ, 3 ಕಿ.ಮೀ.ಗೂ ಉದ್ದದ ರನ್‌ವೇ. ಸೇಡಂ ಕಡೆಯಿಂದ ಬರುವವರಿಗೆ ಪೇಟೆಯೊಳಗೆ ಕಾಲಿಡದೆ ನೇರ ವಿಮಾನ ಹತ್ತುವ ಅನುಕೂಲ ಇದರಿಂದ ಸಿಕ್ಕಿತು. ಬೆಂಗಳೂರಿಗೆ, ತಿರುಪತಿಗೆ, ದೆಹಲಿಯ ಮಗ್ಗುಲಲ್ಲಿರುವ ಹಿಂಡನ್‌ಗೆ ಇಲ್ಲಿಂದ ವಿಮಾನಗಳಿದ್ದವು. ತಿರುಪತಿ, ಹಿಂಡನ್ ಹಾರಾಟಗಳು ಮೊದಲು ನಿಂತವು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನದೂ ನಿಂತಿತು.

ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಂದಿ ಆ ವಿಮಾನಗಳನ್ನು ಇನ್ನೂ ಮರೆತಿಲ್ಲ. ಎಷ್ಟು ತಾಸು ಉಳಿಯುತ್ತಿತ್ತು, ಎಷ್ಟು ರೂಪಾಯಿಗೆ ಟಿಕೆಟ್ ಸಿಗುತ್ತಿತ್ತು, ಮೊದಲ ಸಲ ಹತ್ತಿದ ತಾಯಿ ಏನಂದಳು ಎಂಬುದೆಲ್ಲ ಈಗಲೂ ಮಾತಿಗೆ ಬರುತ್ತದೆ. ಆ ನೆನಪಿನ ಹಿಂದೆ ಒಂದು ಚರಿತ್ರೆಯಿದೆ, ಒಂದು ಲೆಕ್ಕಾಚಾರವೂ ಇದೆ. ಎರಡನ್ನೂ ಇಲ್ಲಿ ಪರಿಚಯಿಸಬೇಕಿದೆ.

ರೈಲ್ವೆಯವರು ನಡೆಸಿದ ವಿಮಾನ

ಈ ಸೀಮೆಗೆ ವಿಮಾನದ ನಂಟು ಬೆಳೆದದ್ದು ರೈಲು ಹಳಿಯ ಮೂಲಕ. 1956ರವರೆಗೆ ಈ ಊರುಗಳೆಲ್ಲ ಹೈದರಾಬಾದ್ ಆಡಳಿತದಲ್ಲಿದ್ದವು. ಮುಂಬೈ–ಮದ್ರಾಸ್ ಮಾರ್ಗದ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಹಾದುಹೋಗುವ ಮಾರ್ಗ ಅದೇ. ಮುಂದೆ ನಿಜಾಂ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಕಂಪನಿ ಅದನ್ನು ನಡೆಸಿತು. 1930ರಲ್ಲಿ ನಿಜಾಂ ಸರ್ಕಾರ ಕಂಪನಿಯನ್ನೇ ಕೊಂಡುಕೊಂಡಿತು. ಎರಡೇ ವರ್ಷಕ್ಕೆ, 1932ರಲ್ಲಿ, ಇದೇ ರೈಲ್ವೆ ಇಲಾಖೆ 27 ಬಸ್ಸುಗಳನ್ನು ರಸ್ತೆಗಿಳಿಸಿತು. ಆಮೇಲೆ ಉಳಿದದ್ದು ಆಕಾಶ.

1945ರಲ್ಲಿ ನಿಜಾಂ ರೈಲ್ವೆ ಮತ್ತು ಟಾಟಾ ಕೂಡಿ ಡೆಕ್ಕನ್ ಏರ್‌ವೇಸ್ ಕಟ್ಟಿದವು. ಹೆಚ್ಚಿನ ಪಾಲು ರೈಲ್ವೆಯದು. ಮರುವರ್ಷ ಹೈದರಾಬಾದಿನ ಬೇಗಂಪೇಟೆಯಿಂದ ಹಾರಾಟ ಆರಂಭವಾಗಿ ಬೆಂಗಳೂರು, ಮದ್ರಾಸ್, ದೆಹಲಿಗಳಿಗೆ ಸಂಪರ್ಕ ಬೆಳೆಯಿತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಗೆ ಬೇಡವಾಗಿ ಅಗ್ಗಕ್ಕೆ ಸಿಕ್ಕ ಡಕೋಟಾ ವಿಮಾನಗಳೇ ಕಂಪನಿಯ ಬಂಡವಾಳ. ಡಕೋಟಾದ ಮೂರನೆಯ ಗಾಲಿ ಇರುವುದು ಬಾಲದಡಿಯಲ್ಲಿ. ನೆಲದ ಮೇಲೆ ನಿಂತಾಗ ಅದರ ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಹಿಂಬಾಗಿಲಿನಿಂದ ಒಳಬಂದವರು ಸೀಟಿನ ಬೆನ್ನು ಹಿಡಿದುಕೊಂಡು ಏರು ಹತ್ತುವಂತೆ ಮುಂದಕ್ಕೆ ನಡೆಯಬೇಕಿತ್ತು. ವಿಮಾನ ಓಟಕ್ಕೆ ಬಿದ್ದು ಬಾಲ ಎತ್ತಿದ ಮೇಲಷ್ಟೇ ಕಾಲಡಿಯ ನೆಲ ಸಮವಾಗುತ್ತಿತ್ತು.

ಈ ಕಂಪನಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಹೆಣ್ಣುಮಗಳೆಂಬ ಕಾರಣಕ್ಕೆ ಬೇರೆ ಕಂಪನಿಗಳು ಬಾಗಿಲು ಮುಚ್ಚಿದಾಗ ಪ್ರೇಮ್ ಮಾಥುರ್ ಅವರಿಗೆ ಪೈಲಟ್ ಕೆಲಸ ಕೊಟ್ಟದ್ದು ಡೆಕ್ಕನ್ ಏರ್‌ವೇಸ್. ಭಾರತದ ಪ್ರಯಾಣಿಕ ವಿಮಾನ ಹಾರಿಸಿದ ಮೊದಲ ಮಹಿಳೆ ಅವರು. 1953ರ ಆಗಸ್ಟ್‌ನಲ್ಲಿ ದೇಶದ ವಿಮಾನ ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಡೆಕ್ಕನ್ ಏರ್‌ವೇಸ್ ಹೆಸರು ಅಳಿಯಿತು.

ಹೆಸರು ಅಳಿದರೂ ದಾರಿ ಉಳಿಯಿತು. ವಾಡಿ, ಚಿತ್ತಾಪುರ, ಸೇಡಂನಲ್ಲಿ ರೈಲು ಹತ್ತಿದರೆ ಸಿಕಂದರಾಬಾದ್ ತಲುಪುವ ಮೊದಲೇ ಬೇಗಂಪೇಟೆ ಸ್ಟೇಷನ್ ಬರುತ್ತದೆ. ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಗಲ್ಫ್ ದೇಶಗಳಿಗೆ ದುಡಿಯಲು ಹೊರಟವರಿಗೆ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳ ಎಂಜಿನಿಯರುಗಳಿಗೆ ಅದು ಹೇಳಿಮಾಡಿಸಿದಂತಿತ್ತು. 2008ರ ಮಾರ್ಚ್‌ನಲ್ಲಿ ಶಂಶಾಬಾದಿನಲ್ಲಿ ಹೊಸ ನಿಲ್ದಾಣ ತೆರೆದು ಬೇಗಂಪೇಟೆಯ ನಾಗರಿಕ ಹಾರಾಟ ನಿಂತಾಗ ಆ ಅನುಕೂಲ ತಪ್ಪಿತು. ರೈಲು ಇಳಿದ ಮೇಲೂ ಮಹಾನಗರವನ್ನು ದಾಟಿ ಹೋಗಬೇಕಾಯಿತು.

ಹನ್ನೊಂದು ವರ್ಷ ಕಾದದ್ದು

ಅದೇ 2008ರ ಜೂನ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಕಲ್ಲು ಇಟ್ಟರು. ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಯೋಜನೆ ನಡುದಾರಿಯಲ್ಲಿ ಕೈಕೊಟ್ಟಿತು. ಕೊನೆಗೆ ಲೋಕೋಪಯೋಗಿ ಇಲಾಖೆ ಕೆಲಸ ಕೈಗೆತ್ತಿಕೊಂಡಿತು. 2019ರ ನವೆಂಬರ್ 22ರಂದು ನಿಲ್ದಾಣ ಉದ್ಘಾಟಿಸಿದವರು ಮತ್ತೆ ಮುಖ್ಯಮಂತ್ರಿ ಪಟ್ಟದಲ್ಲಿದ್ದ ಯಡಿಯೂರಪ್ಪನವರೇ. ಅಂದು ಬೆಂಗಳೂರಿನಿಂದ ಸ್ಟಾರ್ ಏರ್ ವಿಮಾನ ಬಂದಿಳಿಯಿತು. ಡಿಸೆಂಬರ್ ಕೊನೆಗೆ ಅಲಯನ್ಸ್ ಏರ್ ಕೂಡ ಹಾರಾಟ ಆರಂಭಿಸಿತು.

ಮೂರೇ ತಿಂಗಳಿಗೆ ಕೊರೊನಾ ಬಂದು, 2020ರ ಮಾರ್ಚ್ ಕೊನೆಯಿಂದ ಎರಡು ತಿಂಗಳು ದೇಶದ ಎಲ್ಲ ನಿಲ್ದಾಣಗಳಂತೆ ಇದೂ ಮುಚ್ಚಿತ್ತು. ಆ ಪೆಟ್ಟು ತಿಂದೂ ಚೇತರಿಸಿಕೊಂಡಿತು. 2020ರ ನವೆಂಬರ್ 18ರಂದು ಹಿಂಡನ್‌ಗೆ, 2021ರ ಜನವರಿ 11ರಂದು ತಿರುಪತಿಗೆ ವಾರಕ್ಕೆ ಮೂರು ದಿನದ ವಿಮಾನಗಳು ಶುರುವಾದವು.

ಐವತ್ತು ಸೀಟಿನ ಸೊಬಗು

ಸ್ಟಾರ್ ಏರ್ ಮೊದಲು ತಂದದ್ದು ಬ್ರೆಜಿಲ್ ದೇಶದ ಎಂಬ್ರೇಯರ್ 145 ಜೆಟ್. ಒಟ್ಟು 50 ಸೀಟು. ನಡುವಿನ ಓಣಿಯ ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು. ಎಡಗಡೆ ಕುಳಿತವರಿಗೆ ಕಿಟಕಿಯೂ ಅವರದೇ, ಓಣಿಯೂ ಅವರದೇ. ಏಳಲು ಪಕ್ಕದವರನ್ನು ಎಬ್ಬಿಸುವ ಗೋಜಿಲ್ಲ. ದೊಡ್ಡ ವಿಮಾನಗಳಲ್ಲಿ ಎಷ್ಟು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದ ಈ ಸುಖ ನಮ್ಮ ಕಡೆಯವರಿಗೆ ಸಾಮಾನ್ಯ ಟಿಕೆಟ್ಟಿನಲ್ಲೇ ಸಿಕ್ಕಿತ್ತು. ಬಾಗಿಲೇ ಮಡಚಿ ಕೆಳಗಿಳಿದು ಮೆಟ್ಟಿಲಾಗುತ್ತಿತ್ತು. ಟರ್ಮಿನಲ್‌ನಿಂದ ನಡೆದು ಹೋಗಿ ಹತ್ತುವುದೇ. ಮೊಮ್ಮಗನ ಕೈಹಿಡಿದ ಅಜ್ಜಿಗೂ ಹೆದರಿಕೆ ಆಗದಷ್ಟು ಸರಳ.

ಹವೆ ತಿಳಿಯಾಗಿದ್ದ ದಿನ ಮೇಲಿಂದ ನಮ್ಮ ಸೀಮೆಯನ್ನು ನೋಡುವುದೇ ಒಂದು ಪಾಠವಾಗಿತ್ತು. ಸಿಮೆಂಟ್ ಕಾರ್ಖಾನೆಗಳ ಎತ್ತರದ ಚಿಮಣಿಗಳು, ಸುಣ್ಣಕಲ್ಲು ತೆಗೆದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗಣಿಗಳು, ದೇಶದುದ್ದಕ್ಕೂ ಅಂಗಳಗಳಿಗೆ ಹಾಸಲು ಹೋಗುವ ಶಹಾಬಾದ್ ಕಲ್ಲಿನ ಖಣಿಗಳು, ರಾಷ್ಟ್ರಕೂಟರ ಮಳಖೇಡವನ್ನು ಸವರಿಕೊಂಡು ಹೋಗಿ ಭೀಮೆಯನ್ನು ಕೂಡುವ ಕಾಗಿಣಾ. ದಿನವೂ ಅವುಗಳ ನಡುವೆ ಓಡಾಡುವವರಿಗೆ ಅವು ಎಷ್ಟು ದೊಡ್ಡವೆಂದು ಅಲ್ಲಿಂದ ಗೊತ್ತಾಗುತ್ತಿತ್ತು.

ಹತ್ತಿದವರು ಯಾರು?

ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಹೋಗುತ್ತದೆ. ವಿಮಾನಕ್ಕೆ ಸಾಕಾಗುತ್ತಿದ್ದುದು ಒಂದು ತಾಸಿಗಿಂತ ತುಸು ಹೆಚ್ಚು. ಈ ವ್ಯತ್ಯಾಸದ ಬೆಲೆ ಹೆಚ್ಚು ಗೊತ್ತಿದ್ದುದು ಕಾಯಿಲೆಯವರಿಗೆ. ಆಪರೇಷನ್ ಆದ ಮೇಲೆ ರೈಲಿನ ಬರ್ತಿನಲ್ಲಿ ಹನ್ನೊಂದು–ಹನ್ನೆರಡು ತಾಸು ಕುಲುಕಾಡುತ್ತ ಬರುವುದಕ್ಕೂ, ಮಧ್ಯಾಹ್ನ ಬೆಂಗಳೂರು ಬಿಟ್ಟು ಸಂಜೆಗೆ ಚಿಂಚೋಳಿಯ ಮನೆ ಸೇರುವುದಕ್ಕೂ ಇರುವ ಅಂತರವನ್ನು ಅನುಭವಿಸಿದವರೇ ಹೇಳಬೇಕು. ಕಲಬುರಗಿಯ ಹೈಕೋರ್ಟ್ ಪೀಠದ ಕೆಲಸಕ್ಕೆ ಬರುವ ವಕೀಲರು, ವಿಧಾನಸೌಧಕ್ಕೆ ಫೈಲು ಹಿಡಿದು ಹೋಗುವ ಅಧಿಕಾರಿಗಳು, ಐ.ಟಿ. ಕೆಲಸದಲ್ಲಿದ್ದು ಹಬ್ಬಕ್ಕೆ ಊರಿಗೆ ಬರುವ ಮಕ್ಕಳು ಉಳಿದ ಸೀಟು ತುಂಬುತ್ತಿದ್ದರು.

ಹಿಂಡನ್ ವಿಮಾನ ಹತ್ತಿದವರಲ್ಲಿ ದೆಹಲಿಯಲ್ಲಿ ಓದುವ, ಸ್ಪರ್ಧಾ ಪರೀಕ್ಷೆಗೆ ತಯಾರಿ ನಡೆಸುವ ಹುಡುಗ ಹುಡುಗಿಯರಿದ್ದರು. ಗಾಜಿಯಾಬಾದಿನ ವಾಯುಪಡೆ ನೆಲೆಗೆ ಹೊಂದಿಕೊಂಡ ಆ ಪುಟ್ಟ ಟರ್ಮಿನಲ್‌ನಿಂದ ಮೆಟ್ರೊ ದೂರವಿರಲಿಲ್ಲ. ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯುವ ತಾಪತ್ರಯವೂ ತಪ್ಪಿತ್ತು. ತಿರುಪತಿಯ ವಿಮಾನದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುತ್ತಿದ್ದರು. ಮುಡಿ ಕೊಡುವ ಕೂಸಿನಿಂದ ಹಿಡಿದು ಮಂಡಿನೋವಿನ ಹಿರಿಯರವರೆಗೆ, ಗುಂತಕಲ್, ರೇಣಿಗುಂಟದ ರೈಲು ದಾರಿ ಬೇಡವಾದವರೆಲ್ಲ ಅದರಲ್ಲಿದ್ದರು. ಜೀವನದ ಮೊದಲ ವಿಮಾನ ಪ್ರಯಾಣ ಬಾಲಾಜಿ ದರ್ಶನಕ್ಕೇ ಆಯಿತೆಂದು ಹೇಳುವಾಗ ಹಿರಿಯರ ಮುಖದಲ್ಲಿ ಬರುವ ಸಮಾಧಾನ ಸಣ್ಣದಲ್ಲ.

ಮೂರು ವರ್ಷದ ಕರಾರು

ಈ ಹಾರಾಟಗಳ ಹಿಂದಿದ್ದುದು ಕೇಂದ್ರದ ಉಡಾನ್ ಯೋಜನೆ. ಅದರ ಲೆಕ್ಕ ಹೀಗಿತ್ತು. ಸಣ್ಣ ಊರಿಗೆ ಹಾರುವ ಕಂಪನಿ ಅರ್ಧದಷ್ಟು ಸೀಟುಗಳನ್ನು ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಆಸುಪಾಸಿನ ಮಿತಿಯಲ್ಲಿ ಮಾರಬೇಕಿತ್ತು. ಅದರಿಂದ ಬೀಳುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಅದರಲ್ಲಿ ಐದನೆಯ ಒಂದು ಪಾಲು ರಾಜ್ಯದ್ದು, ಉಳಿದದ್ದು ದೊಡ್ಡ ನಗರಗಳ ನಡುವಿನ ವಿಮಾನಗಳಿಂದ ವಸೂಲು ಮಾಡಿದ ನಿಧಿಯದು. ಇಂಧನ ತೆರಿಗೆಯಲ್ಲಿ, ನಿಲ್ದಾಣದ ಶುಲ್ಕದಲ್ಲಿ ರಿಯಾಯಿತಿಯೂ ಇತ್ತು. ಆದರೆ ನಷ್ಟ ತುಂಬಿಕೊಡುತ್ತಿದ್ದುದು ಮೂರು ವರ್ಷ ಮಾತ್ರ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಎಣಿಕೆ.

ನೆರವು ಮುಗಿದ ಮೇಲೆ ಟಿಕೆಟ್ ದರ ಏರುತ್ತದೆ. ದರ ಏರಿದರೆ ಜನ ರೈಲಿಗೆ ಮರಳುತ್ತಾರೆ. ಸೀಟು ಖಾಲಿ ಬಿದ್ದರೆ ಕಂಪನಿ ಆ ವಿಮಾನವನ್ನು ಲಾಭದ ಮಾರ್ಗಕ್ಕೆ ಒಯ್ಯುತ್ತದೆ. ದೇಶದ ಹಲವು ಸಣ್ಣ ನಿಲ್ದಾಣಗಳ ಕಥೆ ಇದೇ. ಇಲ್ಲಂತೂ ಆ ಮೂರು ವರ್ಷಗಳ ಒಂದು ಪಾಲನ್ನು ಕೊರೊನಾ ತಿಂದುಹಾಕಿತ್ತು. ಜೊತೆಗೆ 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಬಂದು ಪ್ರಯಾಣವನ್ನು ಒಂಬತ್ತು ತಾಸಿನ ಆಸುಪಾಸಿಗೆ ಇಳಿಸಿತು. ಅದು ಸಂತೋಷದ ಮಾತೇ. ಆದರೆ ಅದೇ ದಿನ ಕೆಲಸ ಮುಗಿಸಿಕೊಂಡು ಮರಳುವ ಅನುಕೂಲ ವಿಮಾನಕ್ಕೆ ಮಾತ್ರ ಇದೆ.

ಹಳಿ ಹೇಳುವ ಮಾತು

ಇಲ್ಲಿ ನಮ್ಮ ರೈಲಿನ ಚರಿತ್ರೆಯನ್ನೇ ಸಾಕ್ಷಿಗೆ ಕರೆಯಬೇಕು. ವಾಡಿ ಮಾರ್ಗವನ್ನು ವಹಿಸಿಕೊಂಡ ಲಂಡನ್ ಕಂಪನಿಗೆ ನಿಜಾಂ ಸರ್ಕಾರ 1880ರ ದಶಕದಲ್ಲಿ ಹೂಡಿಕೆಯ ಮೇಲೆ ಶೇ 5ರ ಬಡ್ಡಿಯ ಭರವಸೆ ಕೊಟ್ಟಿತ್ತು, ಅದೂ 20 ವರ್ಷಗಳಿಗೆ. ಅದು ಖಜಾನೆಗೆ ಹೊರೆಯಾಯಿತು. ಆ ಕಾಲದ ರೈಲ್ವೆ ಕರಾರುಗಳನ್ನು ವಿರೋಧಿಸಿದ್ದಕ್ಕೆ ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಹೈದರಾಬಾದಿನಿಂದ ಗಡೀಪಾರಾದರು. ಅಷ್ಟು ದುಬಾರಿ ಕರಾರು ಇಂದು ಬೇಕಿಲ್ಲ. ಆದರೆ ಒಂದು ಮಾತು ನಿಜ. ದೀರ್ಘ ಕಾಲದ ಆಸರೆ ಸಿಕ್ಕ ಆ ಹಳಿಯ ಪಕ್ಕದಲ್ಲೇ ಮುಂದೆ ಕಾರ್ಖಾನೆಗಳು ಎದ್ದವು, ಊರುಗಳು ಬೆಳೆದವು. ಸುಣ್ಣಕಲ್ಲು ಸಿಮೆಂಟಾಗಿ ದೇಶ ಸುತ್ತಿತು. ಸಂಪರ್ಕ ಮೊದಲು ಬಂದು ನಿಂತಿತು, ವ್ಯವಹಾರ ಅದನ್ನು ಹಿಂಬಾಲಿಸಿತು. ಮೂರು ವರ್ಷದಲ್ಲಿ ಲಾಭ ತೋರಿಸು ಎಂದಿದ್ದರೆ ಆ ರೈಲೂ ಸೋಲುತ್ತಿತ್ತು.

ಈ ಭಾಗದ ಹಿಂದುಳಿಯುವಿಕೆಯನ್ನು ಸಂವಿಧಾನವೇ 371ಜೆ ಕಲಮಿನಲ್ಲಿ ಒಪ್ಪಿಕೊಂಡಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತಿ ವರ್ಷ ಅನುದಾನ ಬರುತ್ತದೆ. ಉಡಾನ್ ನೆರವು ಮುಗಿದ ಬೆಂಗಳೂರು ಮಾರ್ಗಕ್ಕೆ ರಾಜ್ಯವೇ ಇನ್ನಷ್ಟು ವರ್ಷ ಹೆಗಲು ಕೊಡುವುದು ಆ ಉದ್ದೇಶಕ್ಕೆ ಹೊರತಾದ ಖರ್ಚಲ್ಲ. ಬೆಳಿಗ್ಗೆ ಇಲ್ಲಿಂದ ಹೊರಟು ರಾತ್ರಿ ಇಲ್ಲಿಗೇ ಮರಳುವ ವೇಳಾಪಟ್ಟಿ ಬೇಕು. ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಂದ ನಿಲ್ದಾಣದ ಬಾಗಿಲಿಗೆ ಬರುವ ಬಸ್ಸು ಬೇಕು. ತಿರುಪತಿಗೆ ವಾರಕ್ಕೆರಡು ದಿನವಾದರೂ ವಿಮಾನ ಬೇಕು.

ರನ್‌ವೇ ಇದೆ, ಟರ್ಮಿನಲ್ ಇದೆ. ಅದಕ್ಕೆ ಭೂಮಿ ಕೊಟ್ಟ ರೈತರ ತ್ಯಾಗಕ್ಕೆ ಇನ್ನೂ ಪೂರ್ಣ ಫಲ ಸಿಕ್ಕಿಲ್ಲ. ವಿಮಾನ ಬೇಡವೆಂದು ಈ ಸೀಮೆ ಎಂದೂ ಹೇಳಲಿಲ್ಲ. ದರ ಕೈಗೆಟುಕುವಷ್ಟಿದ್ದಾಗ ಟಿಕೆಟ್ ಕೊಂಡು ಹತ್ತಿ ತೋರಿಸಿತು. ಮುಂದಿನ ಕರಾರು ಬರೆಯುವವರು ಆ ದಿನಗಳ ಪ್ರಯಾಣಿಕರ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಲಿ. ಕರಾರನ್ನು ಮೂರು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ ಬರೆಯಲಿ.