ಪೆಟ್ಟಿಗೆಯಲ್ಲಿಲ್ಲದ ವಿಮಾನ: ಹಳೆಯ ಕಿಟ್‌ನಿಂದ ಬೆಂಗಳೂರಿನ 'ನ್ಯಾಟ್'

ಹೈದರಾಬಾದ್: ಭಾಗ್ಯನಗರದ ಕನ್ನಡಿಗರಿಗೂ ವಿಮಾನಗಳಿಗೂ ಇರುವ ನಂಟು ಹಳೆಯದು. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ಎಚ್‌ಎಎಲ್ ಸಂಸ್ಥೆಯ ಏವಿಯಾನಿಕ್ಸ್ ವಿಭಾಗ ಇಲ್ಲಿನ ಬಾಲಾನಗರದಲ್ಲಿದೆ. ದುಂಡಿಗಲ್‌ನ ವಾಯುಪಡೆ ಅಕಾಡೆಮಿ ಮತ್ತು ಹಕೀಂಪೇಟೆಯ ನೆಲೆಗಳಲ್ಲಿ ದಶಕಗಳ ಕಾಲ ಯುವ ಪೈಲಟ್‌ಗಳು ಕಲಿತದ್ದು ಬೆಂಗಳೂರಿನಲ್ಲಿ ತಯಾರಾದ ಕಿರಣ್ ವಿಮಾನದಲ್ಲಿ. ಅದೇ ಕಿರಣ್ ವಿಮಾನಗಳ ಸೂರ್ಯಕಿರಣ್ ತಂಡ 1996ರಲ್ಲಿ ರಚನೆಯಾದದ್ದು ನೆರೆಯ ಬೀದರ್‌ನಲ್ಲಿ. ಇಷ್ಟೆಲ್ಲ ಇದ್ದರೂ, ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ವಿಮಾನದ ಕಿಟ್ ತೆರೆದರೆ ಒಳಗೆ ಸಿಗುವುದು ಹೆಚ್ಚಾಗಿ ಬ್ರಿಟನ್, ಅಮೆರಿಕ ಅಥವಾ ಜರ್ಮನಿಯ ವಿಮಾನ. ನಮ್ಮವರ ಕೈಯಲ್ಲಿ ತಯಾರಾದ ವಿಮಾನ ಬೇಕೆಂದರೆ ಬಹುಕಾಲ ಇದ್ದ ದಾರಿ ಒಂದೇ. ಇರುವ ಕಿಟ್ಟನ್ನೇ ಕತ್ತರಿಸಿ, ಉಜ್ಜಿ, ತಿದ್ದಿ ಮಾಡಿಕೊಳ್ಳುವುದು.

ಅದಕ್ಕೆ ಒಳ್ಳೆಯ ಉದಾಹರಣೆ ನ್ಯಾಟ್ ಯುದ್ಧವಿಮಾನ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1960ರ ದಶಕದಲ್ಲಿ 1/72 ಅಳತೆಯಲ್ಲಿ ನ್ಯಾಟ್ ಕಿಟ್ ತಂದಿತು. ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ ಇಂಥ ಕಿಟ್‌ಗಳು ನಮ್ಮ ಮನೆಗಳಿಗೂ ಬಂದು, ಅರ್ಧ ಜೋಡಿಸಿದ ಸ್ಥಿತಿಯಲ್ಲಿ ಅಟ್ಟ ಸೇರಿದ್ದುಂಟು. ಆದರೆ ಆ ಪೆಟ್ಟಿಗೆಯಲ್ಲಿದ್ದದ್ದು ಇಬ್ಬರು ಕೂರುವ ತರಬೇತಿ ನ್ಯಾಟ್. ಬ್ರಿಟನ್ನಿನ ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಹಾರಿಸಿದ್ದೂ ಅದನ್ನೇ. ಭಾರತದ ವಾಯುಪಡೆ ಯುದ್ಧಕ್ಕೆ ಒಯ್ದದ್ದು ಒಬ್ಬನೇ ಕೂರುವ, ಇನ್ನೂ ಚಿಕ್ಕದಾದ ನ್ಯಾಟ್.

ಬ್ರಿಟನ್ ಬೇಡವೆಂದದ್ದು, ಬೆಂಗಳೂರು ಬೆಳೆಸಿದ್ದು

ವಿನ್ಯಾಸಕಾರ ಪೆಟರ್ ಅವರು ಫೋಲಂಡ್ ಕಂಪೆನಿಯಲ್ಲಿ ರೂಪಿಸಿದ ನ್ಯಾಟ್ ಮೊದಲು ಹಾರಿದ್ದು 1955ರ ಜುಲೈ 18ರಂದು. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ, ದುಬಾರಿಯಾಗುತ್ತಿದ್ದ ಕಾಲದಲ್ಲಿ ಚಿಕ್ಕದು, ಹಗುರ, ಅಗ್ಗ ಎಂಬುದೇ ಅದರ ಹೆಗ್ಗಳಿಕೆ. ಬ್ರಿಟನ್ನಿನ ವಾಯುಪಡೆ ತರಬೇತಿ ಮಾದರಿಯನ್ನು ಕೊಂಡಿತೇ ಹೊರತು ಯುದ್ಧವಿಮಾನವನ್ನು ತನ್ನ ದಳಗಳಿಗೆ ತೆಗೆದುಕೊಳ್ಳಲಿಲ್ಲ. ಫಿನ್ಲೆಂಡ್ ಕೆಲವನ್ನು ಕೊಂಡಿತು. ದೊಡ್ಡ ಪ್ರಮಾಣದಲ್ಲಿ ನೆಚ್ಚಿದ್ದು ಭಾರತ ಮಾತ್ರ.

ಆರಂಭದಲ್ಲಿ ಸಿದ್ಧ ವಿಮಾನಗಳು ಬಂದವು. ಬಳಿಕ ಬಿಡಿಭಾಗಗಳು ಬಂದು ಬೆಂಗಳೂರಿನಲ್ಲಿ ಜೋಡಣೆಯಾದವು. ಭಾರತದಲ್ಲೇ ತಯಾರಾದ ಭಾಗಗಳಿಂದ ಕಟ್ಟಿದ ಮೊದಲ ನ್ಯಾಟ್ 1962ರ ಮೇ ತಿಂಗಳಲ್ಲಿ ಹಾರಿತು. ಅದರ ಆರ್ಫಿಯಸ್ ಎಂಜಿನ್ ಸಹ ಬೆಂಗಳೂರಿನಲ್ಲೇ ತಯಾರಾಯಿತು. ಕೊನೆಯ ನ್ಯಾಟ್ ವಾಯುಪಡೆಯ ಕೈಸೇರಿದ್ದು 1974ರ ಜನವರಿ 31ರಂದು.

1965ರ ಸೆಪ್ಟೆಂಬರ್ 3ರಂದು ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಅವರಿಗೆ ಸೇಬರ್ ವಿಮಾನವನ್ನು ಹೊಡೆದ ಶ್ರೇಯ ಸಂದಿತು. ಅಲ್ಲಿಂದ ನ್ಯಾಟ್‌ಗೆ 'ಸೇಬರ್ ಸಂಹಾರಿ' ಎಂಬ ಹೆಸರು ಬಂತು. 1971ರ ನವೆಂಬರ್ 22ರ ಬೊಯ್ರಾ ಕಾಳಗದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಎಂ.ಎ. ಗಣಪತಿ ಮತ್ತು ಅವರ ಜತೆಗಾರರು ಹಾರಿಸಿದ್ದು ನ್ಯಾಟ್. ಅದೇ ವರ್ಷ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಏಕಾಂಗಿಯಾಗಿ ಹೋರಾಡಿ ಮಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಅವರದೂ ನ್ಯಾಟ್. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು.

ಇಂಥ ವಿಮಾನವನ್ನು ರೆಡ್ ಆ್ಯರೋಸ್‌ನ ಕೆಂಪು ಬಣ್ಣದ ಇಬ್ಬರ ವಿಮಾನಕ್ಕೆ ನಮ್ಮ ತ್ರಿವರ್ಣದ ಚಕ್ರ ಅಂಟಿಸಿ ತೋರಿಸಿದರೆ ಅದು ನ್ಯಾಟ್ ಎನಿಸಿಕೊಳ್ಳಬಹುದು, ಸೇಖೋನರ ನ್ಯಾಟ್ ಆಗಲಾರದು. ತಿದ್ದುವ ಶ್ರಮಕ್ಕೆ ಇರುವ ಕಾರಣ ಇಷ್ಟೇ.

ಅಳತೆ ಹೇಳುವ ವ್ಯತ್ಯಾಸ

ಮೊದಲ ಕೆಲಸ ಅಂಟಿನದಲ್ಲ, ಅಳತೆಪಟ್ಟಿಯದು. ತರಬೇತಿ ನ್ಯಾಟ್‌ನ ಉದ್ದ ಸುಮಾರು 9.68 ಮೀಟರ್. ಒಬ್ಬರ ನ್ಯಾಟ್‌ಗೆ ಸಾಮಾನ್ಯವಾಗಿ ಕೊಡುವ ಅಳತೆ 8.74 ಮೀಟರ್. ಇವನ್ನು 72ರಿಂದ ಭಾಗಿಸಿದರೆ ಕ್ರಮವಾಗಿ 134 ಮತ್ತು 121 ಮಿ.ಮೀ. ಅಂದರೆ ಮಾದರಿಯ ಉದ್ದದಲ್ಲಿ 13 ಮಿ.ಮೀ. ಕಡಿಮೆಯಾಗಬೇಕು. ರೆಕ್ಕೆಯ ಹರವು 7.32 ಮೀಟರ್‌ನಿಂದ 6.73 ಮೀಟರ್‌ಗೆ ಇಳಿಯುತ್ತದೆ. ಮಾದರಿಯಲ್ಲಿ ಅದು ಒಂದೊಂದು ಬದಿಗೆ ಸುಮಾರು 4 ಮಿ.ಮೀ.

ಇಲ್ಲಿ ಅವಸರ ಪಟ್ಟವರು ರೆಕ್ಕೆಯ ತುದಿ ಕತ್ತರಿಸಿ ಮುಗಿಯಿತೆನ್ನುತ್ತಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಹರವು ಕಡಿಮೆಯಾಗುವುದು ಶೇ. 8ರಷ್ಟು. ರೆಕ್ಕೆಯ ವಿಸ್ತೀರ್ಣ 16.26 ಚದರ ಮೀಟರ್‌ನಿಂದ 12.69ಕ್ಕೆ, ಅಂದರೆ ಶೇ. 22ರಷ್ಟು ಕುಗ್ಗುತ್ತದೆ. ಹಾಗಾಗಿ ರೆಕ್ಕೆಯ ಅಗಲವನ್ನೂ ತಗ್ಗಿಸಬೇಕು. ಒಬ್ಬರ ನ್ಯಾಟ್‌ನಲ್ಲಿ ವಿಮಾನವನ್ನು ಓಲಿಸುವ ಏಲೆರಾನ್‌ಗಳು ಒಡಲಿನ ಪಕ್ಕದಲ್ಲಿದ್ದು, ಇಳಿಯುವಾಗ ಫ್ಲಾಪ್ ಕೆಲಸವನ್ನೂ ಅವೇ ಮಾಡುತ್ತವೆ. ತರಬೇತಿ ವಿಮಾನದಲ್ಲಿ ಫ್ಲಾಪ್ ಒಳಗಡೆ, ಏಲೆರಾನ್ ಹೊರಗಡೆ. ಆದ್ದರಿಂದ ಹಳೆಯ ಗೆರೆಗಳನ್ನು ಪುಟ್ಟಿಯಿಂದ ಮುಚ್ಚಿ ಹೊಸದಾಗಿ ಕೊರೆಯಬೇಕಾಗುತ್ತದೆ.

ಒಡಲಿನ ಮುಂಭಾಗವೇ ಎಲ್ಲಕ್ಕಿಂತ ಕಠಿಣ. ಎರಡನೆಯ ಆಸನದ ಜಾಗವನ್ನು ತೆಗೆದು, ಮೂಗನ್ನು ಹಿಂದಕ್ಕೆ ತಂದು ಕೂಡಿಸಿದಾಗ ಎರಡು ತುಂಡುಗಳ ಸುತ್ತಳತೆ ಹೊಂದುವುದಿಲ್ಲ. ತೆಳು ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಒಳಗಿನಿಂದ ಅಂಟಿಸಿ, ಮೇಲೆ ಪುಟ್ಟಿ ಮೆತ್ತಿ, ಒಣಗಿದ ಬಳಿಕ ಆಕಾರಕ್ಕೆ ಉಜ್ಜಬೇಕು. ಗಾಳಿ ಒಳಹೋಗುವ ಎರಡು ಬಾಯಿಗಳ ಪಕ್ಕದಲ್ಲಿ 30 ಮಿ.ಮೀ. ಏಡನ್ ಫಿರಂಗಿಗಳು ಒಂದೊಂದರಂತೆ ಇದ್ದವು. ತರಬೇತಿ ವಿಮಾನದಲ್ಲಿ ಅವು ಇಲ್ಲ. ಮಾದರಿಯಲ್ಲಿ ಆ ರಂಧ್ರ ಅರ್ಧ ಮಿ.ಮೀ.ಗಿಂತಲೂ ಕಡಿಮೆ. ಕಾಯಿಸಿದ ಗುಂಡುಸೂಜಿಯ ತುದಿಯಲ್ಲೇ ಆ ಕೆಲಸ ಮುಗಿಯುತ್ತದೆ.

ಹಳೆಯ ಪ್ಲಾಸ್ಟಿಕ್ಕಿನ ಗುಣಾವಗುಣ

ಆ ಕಾಲದ ಕಿಟ್‌ಗಳಲ್ಲಿ ಲೋಹದ ಹಾಳೆಗಳ ಸಂದುಗಳನ್ನು ಉಬ್ಬು ಗೆರೆಗಳಾಗಿ ತೋರಿಸುತ್ತಿದ್ದರು. ಕಾಲು ಮಿ.ಮೀ. ಉಬ್ಬು ಕಣ್ಣಿಗೆ ಅಲ್ಪವೆನಿಸಿದರೂ, ನಿಜ ವಿಮಾನದಲ್ಲಿ ಅದು 18 ಮಿ.ಮೀ. ಎತ್ತರದ ದಿಂಡು! ಅವನ್ನು ನೀರು ಹಾಕಿ ಉಜ್ಜುವ ನುಣುಪು ಉಪ್ಪುಕಾಗದದಿಂದ ತೆಗೆದು, ಸ್ಟೀಲ್ ಸ್ಕೇಲಿನ ಆಸರೆಯಲ್ಲಿ ದಪ್ಪ ಸೂಜಿಯಿಂದ ಹಗುರವಾಗಿ ಗೀರಿದರೆ ಮಾದರಿಯ ರೂಪವೇ ಬದಲಾಗುತ್ತದೆ. ಎರಡು ಮೂರು ಸಲ ಮೆಲ್ಲಗೆ ಗೀರಬೇಕು. ಒಮ್ಮೆಲೇ ಒತ್ತಿದರೆ ಸೂಜಿ ಜಾರುತ್ತದೆ.

ಸೊಟ್ಟಗಾದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಸಮತಟ್ಟಾದ ಹಲಗೆಯ ಮೇಲೆ ಒತ್ತಿ ಹಿಡಿದರೆ ನೆಟ್ಟಗಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ನೆಟ್ಟಗಿದ್ದದ್ದೂ ಸೊಟ್ಟಗಾಗುತ್ತದೆ ಎಂಬುದನ್ನು ಹೈದರಾಬಾದಿನವರಿಗೆ ಬೇರೆ ಹೇಳಬೇಕಿಲ್ಲ. ಹಳದಿಯಾದ ಡೆಕಾಲ್ ಹಾಳೆಯನ್ನು ಕೆಲವು ದಿನ ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಒಡ್ಡಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಹಳೆಯ ಡೆಕಾಲ್ ನೀರಿನಲ್ಲಿ ಚೂರಾಗುವ ಅಪಾಯವಿದೆ. ಬೇಡದ ಒಂದು ತುಂಡನ್ನು ಮೊದಲು ನೆನೆಸಿ ನೋಡುವುದು ಜಾಣತನ. ಪೈಲಟ್ಟಿನ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಫೆವಿಕ್ವಿಕ್‌ನಂಥ ಅಂಟು ತಾಗಿಸಬಾರದು. ಅದರ ಆವಿಯಿಂದ ಮುಚ್ಚಳ ಮಂಜಾಗುತ್ತದೆ. ಬಿಳಿ ಫೆವಿಕಾಲ್ ಸಾಕು.

ಮಳೆಗಾಲದಲ್ಲಿ ಬಣ್ಣ ಸಿಂಪಡಿಸುವುದನ್ನು ಮುಂದೂಡುವುದು ಲೇಸು. ತೇವದ ಗಾಳಿಯಲ್ಲಿ ಬಣ್ಣ ಬೆಳ್ಳಗೆ ಮಸುಕಾಗುತ್ತದೆ. ಬ್ಲೇಡ್ ಮತ್ತು ಥಿನ್ನರ್ ಕೆಲಸ ದೊಡ್ಡವರದೇ. ಕೋಣೆಯ ಕಿಟಕಿ ತೆರೆದಿರಲೇಬೇಕು.

ವರ್ಷ ನಿರ್ಧರಿಸಿ, ಬಣ್ಣ ಬಳಿಯಿರಿ

ಬಣ್ಣಕ್ಕೆ ಮೊದಲು ವರ್ಷ ನಿಶ್ಚಯವಾಗಬೇಕು. 1965ರ ನ್ಯಾಟ್‌ಗಳು ಹೆಚ್ಚಾಗಿ ಬೆಳ್ಳಿಬಣ್ಣದವು. 1971ರ ಹೊತ್ತಿಗೆ ಮರೆಬಣ್ಣ ಬಂದಿತ್ತು. ಬೆಳ್ಳಿಬಣ್ಣ ಒಂದು ಗೀರನ್ನೂ ಮುಚ್ಚಿಡುವುದಿಲ್ಲ, ಆದುದರಿಂದ ಮೊದಲ ಪ್ರಯತ್ನಕ್ಕೆ 1971ರ ವಿಮಾನ ಸುಲಭ. ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅಂಕಿಗಳ ಗಾತ್ರ, ಜಾಗವನ್ನು ಆ ಕಾಲದ ಛಾಯಾಚಿತ್ರ ನೋಡಿಯೇ ಗುರುತಿಸಬೇಕು. ಅಬಿಡ್ಸ್‌ನ ಭಾನುವಾರದ ಹಳೆಯ ಪುಸ್ತಕದ ಸಾಲುಗಳಲ್ಲಿ ಹುಡುಕುವ ತಾಳ್ಮೆ ಇದ್ದವರಿಗೆ ಹಳೆಯ ಪತ್ರಿಕೆಗಳೂ ನೆರವಾಗಬಹುದು.

ಹೊಸ ಕಿಟ್ ಇರುವಾಗ ಹಳೆಯದೇಕೆ?

ಇತ್ತೀಚಿನ ವರ್ಷಗಳಲ್ಲಿ ಚೆಕ್ ದೇಶದ ಸ್ಪೆಷಲ್ ಹಾಬಿ ಸಂಸ್ಥೆ ಒಬ್ಬರ ನ್ಯಾಟ್ ಮತ್ತು ಅಜಿತ್‌ಗಳ ಕಿಟ್‌ಗಳನ್ನು ಹೊರತಂದಿದೆ. ಏರ್‌ಫಿಕ್ಸ್‌ನ ಹಲವು ಕಿಟ್‌ಗಳೇ 2010ರ ದಶಕದಲ್ಲಿ ಭಾರತದಲ್ಲಿ ಅಚ್ಚಾದವು. ಕಪಾಟಿಗೆ ಒಂದು ನ್ಯಾಟ್ ಬೇಕೆನ್ನುವವರಿಗೆ ಹೊಸದೇ ಸರಿ. ಆದರೆ ನ್ಯಾಟ್ ಯಾಕೆ ಹಾಗಿತ್ತು ಎಂದು ತಿಳಿಯಬೇಕಾದವರಿಗೆ ಹಳೆಯದೇ ಗುರು. ಹದಿಮೂರು ಮಿ.ಮೀ. ಕತ್ತರಿಸಿದ ಕೈಗೆ ಆ ವಿಮಾನ ಎಷ್ಟು ಚಿಕ್ಕದಿತ್ತು ಎಂಬುದು ಮರೆಯುವುದಿಲ್ಲ.

ಎಚ್‌ಎಎಲ್ ಮಾಡಿದ್ದೂ ಇದನ್ನೇ ಎಂಬುದು ಗಮನಾರ್ಹ. ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸುತ್ತಾ, ನ್ಯಾಟ್‌ನ ಕೊರತೆಗಳನ್ನು ಬೆಂಗಳೂರಿನವರು ಕಂಡುಕೊಂಡರು. ಹಾರುವಾಗ ಮೂಗನ್ನು ಮೇಲೆ ಕೆಳಗೆ ಮಾಡುವ ನಿಯಂತ್ರಣ ಕಾಡುತ್ತಿತ್ತು, ಯುದ್ಧದ ನಡುವೆ ಫಿರಂಗಿ ಕಚ್ಚಿಕೊಂಡದ್ದೂ ಇತ್ತು. ಇದನ್ನೆಲ್ಲ ಗಮನದಲ್ಲಿಟ್ಟು ಅವರು ಬಾಲದ ನಿಯಂತ್ರಣವನ್ನು ಸುಧಾರಿಸಿದರು, ರೆಕ್ಕೆಯೊಳಗೇ ಇಂಧನ ತುಂಬಿದರು. ಹೀಗೆ ರೆಕ್ಕೆಯ ಕೆಳಗಿನ ಜಾಗ ಶಸ್ತ್ರಗಳಿಗೆ ಬಿಡುವಾಯಿತು. ಮೊದಲ ಅಜಿತ್ 1975ರ ಮಾರ್ಚ್ 5ರಂದು ಹಾರಿತು. ಅದು ನ್ಯಾಟ್ ಒಂದನ್ನೇ ಮಾರ್ಪಡಿಸಿ ಮಾಡಿದ್ದು. ಅಜಿತ್ ವಿಮಾನಗಳು 1991ರವರೆಗೆ ಸೇವೆಯಲ್ಲಿದ್ದವು.

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗುವ ಕುಟುಂಬಗಳು ಹಳೆಯ ವಿಮಾನನಿಲ್ದಾಣ ರಸ್ತೆಯ ಎಚ್‌ಎಎಲ್ ಪರಂಪರಾ ಕೇಂದ್ರದಲ್ಲಿ ಅಜಿತ್ ವಿಮಾನವನ್ನು ಕಣ್ಣಾರೆ ನೋಡಬಹುದು. ಪಕ್ಕದಲ್ಲಿ ನಿಂತರೆ ಅದರ ಬೆನ್ನು ಎಷ್ಟು ತಗ್ಗಿನಲ್ಲಿದೆ ಎಂದು ಮಕ್ಕಳಿಗೂ ಅರಿವಾಗುತ್ತದೆ. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರು ಮನೆಯಲ್ಲೋ ಸಂಘದಲ್ಲೋ ಇದ್ದರೆ, ಅಟ್ಟದ ಮೇಲಿನ ಕಿಟ್ಟನ್ನು ಮೊದಲು ಅವರ ಮುಂದೆ ತೆರೆಯುವುದು ಒಳ್ಳೆಯದು. ಯಾವ ಸಂದಿಗೆ ಎಷ್ಟು ರಿವೆಟ್ ಹೊಡೆಯುತ್ತಿದ್ದರು, ಯಾವ ಮುಚ್ಚಳ ತೆಗೆಯುವುದು ಕಷ್ಟವಾಗಿತ್ತು ಎಂಬುದು ಯಾವ ಪೆಟ್ಟಿಗೆಯ ಸೂಚನಾ ಹಾಳೆಯಲ್ಲೂ ಅಚ್ಚಾಗಿಲ್ಲ. ಕೇಳಿದರೆ ಅವರು ಹೇಳಿಯಾರು. ಹೇಳಿದ್ದನ್ನು ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.