ಬಾಲ ಮುಟ್ಟಿ ಮೀನು ಗುರುತಿಸಿ

ನಮ್ಮ ಹಳಿಯಾಳಕ್ಕೆ ಸಮುದ್ರವಿಲ್ಲ. ಕೆರೆಯ ಮೀನು, ಹೊಳೆಯ ಮೀನು ನಮಗೆ ಗೊತ್ತು. ಸಮುದ್ರದ ಮೀನು ಮಾತ್ರ ಗಾಡಿ ಹತ್ತಿ ಬರಬೇಕು. ಕಾರವಾರದಿಂದ ಹೊರಟ ಮೀನು ಅಣಶಿ ಘಟ್ಟ ಏರಿ, ದಾಂಡೇಲಿ ದಾಟಿ ಇಲ್ಲಿಗೆ ಬರಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ.

"ಅಕ್ಕಾರ, ಪಾಂಪ್ಲೆಟ್ ಬಂದೈತ್ರಿ!" ಎಂದು ಮೀನಿನವರು ಕೂಗುತ್ತಾರೆ. ನಾವು ಹೋಗಿ ನೋಡುತ್ತೇವೆ. ಒಂದು ಬುಟ್ಟಿಯಲ್ಲಿ ಬೆಳ್ಳಗೆ ಹೊಳೆಯುವ ಮೀನು. ಇನ್ನೊಂದು ಬುಟ್ಟಿಯಲ್ಲಿ ಕಪ್ಪು ಮೀನು. ಎರಡೂ ಅಗಲ. ಎರಡೂ ಚಪ್ಪಟೆ. ಎರಡಕ್ಕೂ ಪಾಂಪ್ಲೆಟ್ ಎಂದೇ ಹೆಸರು. ಮಂಗಳೂರು ಕಡೆ ಮಾಂಜಿ ಅನ್ನುತ್ತಾರೆ. ಮರಾಠಿ, ಕೊಂಕಣಿ ಮಾತಾಡುವವರು ಕಪ್ಪು ಮೀನಿಗೆ ಹಲ್ವಾ ಅನ್ನುವುದೂ ಉಂಟು. ಸಿಹಿ ಹಲ್ವಾ ಅಲ್ಲ ಮತ್ತೆ!

ಇವೆರಡೂ ಅಕ್ಕತಂಗಿಯರು ಎಂದು ನಾವು ತಿಳಿಯುತ್ತೇವೆ. ಆದರೆ ಅಲ್ಲ. ಕಪ್ಪು ಪಾಂಪ್ಲೆಟ್ ಬೇರೆ ಮನೆತನದ್ದು. ಅದು ಕೊಕ್ಕರ್ ಮೀನಿನ ಬಳಗ. ಕೊಕ್ಕರೆ ಎಂದು ಓದಬೇಡಿ, ಅದು ಹಕ್ಕಿ. ಇದು ಕೊಕ್ಕರ್.

ಇದನ್ನು ತಿಳಿಯುವುದು ಹೇಗೆ? ಬಾಲದ ಬುಡಕ್ಕೆ ಬೆರಳಿಡಿ. ಬಾಲದ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ಸವರಿ. ಕೊಕ್ಕರ್ ಆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ. ಮೀನಿನ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ, ನೋಡಿ. ನೀರು ಅಲುಗಿದರೆ ಮೀನಿಗೆ ಗೊತ್ತಾಗುವುದು ಈ ಗೆರೆಯಿಂದ. ಕೊಕ್ಕರ್ ಬಳಗದ ಹೆಚ್ಚಿನ ಮೀನುಗಳಲ್ಲಿ ಈ ಗೆರೆಯ ಮೇಲಿನ ಹುರುಪೆಗಳು ಬಾಲದ ಹತ್ತಿರ ಗಟ್ಟಿಯಾಗಿ, ಮೊನಚಾಗಿ ನಿಲ್ಲುತ್ತವೆ. ಕಪ್ಪು ಪಾಂಪ್ಲೆಟ್‌ನಲ್ಲಿ ಅವು ಸಣ್ಣವು. ಆದರೂ ಬೆರಳಿಗೆ ದೊರಗು ತಿಳಿಯುತ್ತದೆ. ಬಿಳಿ ಪಾಂಪ್ಲೆಟ್‌ನಲ್ಲಿ ಈ ಸಾಲೇ ಇಲ್ಲ. ನುಣುಪು.

ಇಷ್ಟು ತಿಳಿದರೆ ರೇಟು ಕೇಳುವಾಗ ಉಪಯೋಗ. ಸಾಮಾನ್ಯವಾಗಿ ಬಿಳಿಯದಕ್ಕೆ ಬೆಲೆ ಹೆಚ್ಚು. "ಪಾಂಪ್ಲೆಟ್ ಎಷ್ಟು?" ಎಂದು ಕೇಳಬೇಡಿ. "ಕರೀದು ಎಷ್ಟು? ಬಿಳೀದು ಎಷ್ಟು?" ಎಂದು ಕೇಳಿ. ರುಚಿಯಲ್ಲಿ ಕಪ್ಪೇನೂ ಕಡಿಮೆಯಿಲ್ಲ. ಹುರಿದರಂತೂ ನಮಗೆ ಅದೇ ಹೆಚ್ಚು ಇಷ್ಟ.

ಕೊಕ್ಕರ್ ಬಳಗ ಬಹಳ ದೊಡ್ಡದು. ಪ್ರಪಂಚದಲ್ಲಿ ಸುಮಾರು 150 ಜಾತಿಗಳಿವೆ. ಕೆಲವು ಅಂಗೈಯಷ್ಟು. ಒಂದು ಜಾತಿಯಂತೂ ಒಂದೂವರೆ ಮೀಟರಿಗಿಂತ ಉದ್ದ ಬೆಳೆಯುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗಿಂತ ಉದ್ದ! ಈ ಬಳಗದಲ್ಲಿ ಕೆಲವುದರ ಮರಿಗಳು ಲೋಳೆ ಮೀನಿನ ಚುಚ್ಚುವ ಎಳೆಗಳ ನಡುವೆ ಅಡಗಿ ಬೆಳೆಯುತ್ತವೆ. ಇನ್ನು ಕೆಲವುದರ ಮರಿಗಳು ನದಿ ಸಮುದ್ರ ಸೇರುವ ಅಳಿವೆಗೆ ಬರುತ್ತವೆ. ದಾಂಡೇಲಿಯಲ್ಲಿ ನಾವು ನೋಡುವ ಕಾಳಿ ನದಿ ಕಾರವಾರದ ಹತ್ತಿರ ಅಂಥ ಅಳಿವೆಯಾಗುತ್ತದೆ.

ಈಗ ಮುಖ್ಯವಾದ ಮಾತು. ಮೀನು ತಿಂದ ಸ್ವಲ್ಪ ಹೊತ್ತಿಗೆ ಕೆಲವರ ಮುಖ ಕೆಂಪಾಗುತ್ತದೆ. ಮೈ ತುರಿಸುತ್ತದೆ. ತಲೆ ನೋಯುತ್ತದೆ. ವಾಂತಿ ಆಗಬಹುದು. "ಮೀನು ಮೈಗೆ ಆಗಲಿಲ್ಲ" ಎನ್ನುತ್ತೇವೆ. ಹಲವು ಸಲ ತಪ್ಪು ಮೈಯದಲ್ಲ, ಐಸಿಲ್ಲದೆ ಬಿದ್ದ ಮೀನಿನದು. ಬಂಗಡೆ ಮತ್ತು ಕೊಕ್ಕರ್ ಬಳಗದ ಕೆಲವು ಮೀನುಗಳು ಬಿಸಿಲಲ್ಲಿ ಇದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅವುಗಳಲ್ಲಿ ಬೆಳೆಯುತ್ತವೆ. ಮಾಂಸದಲ್ಲಿ ಹಿಸ್ಟಮಿನ್ ಎಂಬುದು ಹೆಚ್ಚುತ್ತದೆ. ಒಮ್ಮೆ ಹೆಚ್ಚಿದರೆ ಮುಗಿಯಿತು. ಕುದಿಸಿದರೂ ಹೋಗುವುದಿಲ್ಲ. ಹುರಿದರೂ ಹೋಗುವುದಿಲ್ಲ. ಹುಣಸೆಹಣ್ಣು ಎಷ್ಟು ಹಾಕಿದರೂ ಹೋಗುವುದಿಲ್ಲ. ಕೆಲವು ಸಲ ವಾಸನೆಯೂ ಬರುವುದಿಲ್ಲ.

ಹೀಗಾದಾಗ ಮನೆಯಲ್ಲಿ ಅದೇ ಮೀನು ತಿಂದ ಬೇರೆಯವರಿಗೂ ಆಯಿತೇ ನೋಡಿ. ಉಳಿದ ಸಾರನ್ನು ಯಾರಿಗೂ ಬಡಿಸಬೇಡಿ. ಉಸಿರು ಕಟ್ಟಿದರೆ, ತಲೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೊಳ್ಳುವಾಗ ಮೊದಲು ಐಸ್ ನೋಡಿ. ಮೀನಿನ ಮೇಲೂ ಕೆಳಗೂ ಐಸ್ ಇರಬೇಕು. ಆಮೇಲೆ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಒಳಗೆ ಹೋಗಿರಬಾರದು. ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. "ಮುಟ್ಟಬ್ಯಾಡ್ರಿ" ಎಂದರೆ ನಮಗೆ ಆ ಮೀನೇ ಬೇಡ. ತಂದ ಮೀನನ್ನು ಚೀಲದಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಕೂಡಲೇ ತೊಳೆದು ಒಲೆಗೆ ಇಡಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕಲಿ, ಬೆಳೆಯಲಿ ಎಂದು ಸರ್ಕಾರ ಮಾಡಿದ ನಿಯಮ ಅದು. ಆ ಎರಡು ತಿಂಗಳು ನಮ್ಮಲ್ಲಿಗೆ ಬರುವ ಸಮುದ್ರದ ಮೀನು ಇನ್ನೂ ದೂರದಿಂದ ಬಂದಿರಬಹುದು. ಆಗ ಎಲ್ಲಿಂದ ಬಂತು, ಎಂದು ಬಂತು ಎಂದು ಇನ್ನೆರಡು ಪ್ರಶ್ನೆ ಹೆಚ್ಚಿಗೆ ಕೇಳಿ.