ಬೇಳೆ ಬೆಂದಿತು, ಸುಟ್ಟ ಪರಿಮಳ ಎಲ್ಲಿ?

ಮಳೆ ಹಿಡಿದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಲಸಿನ ಬೇಳೆ ಸುಡಲು ಯಾರೂ ಬೇರೆ ಒಲೆ ಹಚ್ಚುವುದಿಲ್ಲ. ಸ್ನಾನದ ನೀರಿಗೆಂದು ಬಚ್ಚಲ ಒಲೆ ಉರಿಯುತ್ತಲೇ ಇರುತ್ತದೆ. ಹಂಡೆಯ ಕೆಳಗಿನ ಬಿಸಿ ಬೂದಿಗೆ ಒಂದು ಹಿಡಿ ಬೇಳೆ ತೂರಿಸಿದರಾಯಿತು. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಓದುಗರೊಬ್ಬರು ಕೇಳಿದ್ದಾರೆ: 'ಫ್ಲ್ಯಾಟಿನಲ್ಲಿ ಬಚ್ಚಲ ಒಲೆ ಎಲ್ಲಿಂದ ತರಲಿ? ಮೈಕ್ರೋವೇವ್‌ನಲ್ಲಿಟ್ಟರೆ ಬೇಳೆ ಪಟಾಕಿಯಂತೆ ಸಿಡಿಯಿತು. ಯಾಕೆ?'

ಬೂದಿಗೆ ಹಾಕುವ ಮುಂಚೆ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಒಂದೊಂದು ಬೇಳೆಯ ಸಿಪ್ಪೆಯನ್ನೂ ತುಸು ಸೀಳುತ್ತಿದ್ದುದು ನೆನಪಿದೆಯೇ? ಉತ್ತರ ಅಲ್ಲೇ ಇದೆ. ಹಸಿ ಬೇಳೆಯ ತೂಕದಲ್ಲಿ ಸುಮಾರು ಅರ್ಧ ನೀರು. ಸುತ್ತಲೂ ಬಿಗಿಯಾದ ಸಿಪ್ಪೆ. ಅಂದರೆ ಅದು ಸೀಟಿ ಇಲ್ಲದ ಪುಟ್ಟ ಕುಕ್ಕರ್. ಒಳಗೆ ಒತ್ತಡ ಏರಿದಷ್ಟೂ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ಅದು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಸಿಪ್ಪೆ ಬಿರಿದ ಕ್ಷಣ ಒತ್ತಡ ಇಳಿದು, ಕಾದ ನೀರಿನಲ್ಲಿ ಒಂದು ಪಾಲು ಥಟ್ಟನೆ ಆವಿಯಾಗುತ್ತದೆ. ನೀರು ಆವಿಯಾದರೆ ಬೇಕಾಗುವ ಜಾಗ 1600 ಪಟ್ಟಿಗೂ ಹೆಚ್ಚು. ಸಿಡಿಯದೆ ಏನು ಮಾಡೀತು! ಅಜ್ಜಿ ಸೀಳಿದ್ದು ಆವಿಗೆ ಬಾಗಿಲು. ಅಮೆರಿಕದವರು ಹಾಟ್ ಡಾಗ್ ಸಾಸೇಜನ್ನು ಬಿಸಿಗಿಡುವ ಮುಂಚೆ ಫೋರ್ಕಿನಿಂದ ಚುಚ್ಚುವುದೂ ಇದಕ್ಕೇ.

   

ಇನ್ನು ಮೈಕ್ರೋವೇವ್ ಒಲೆಗೆ ಬರೋಣ. ಅದರ ಕಥೆ ಶುರುವಾದದ್ದು 1945ರಲ್ಲಿ. ರೇಡಾರಿಗೆ ಬೇಕಾದ, ಮೈಕ್ರೋವೇವ್ ಅಲೆ ಹೊಮ್ಮಿಸುವ ಮ್ಯಾಗ್ನೆಟ್ರಾನ್ ತಯಾರಿಸುತ್ತಿದ್ದ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿದ್ದ ಮಿಠಾಯಿ ಕರಗಿತ್ತು. ಅವರು ಮುಂದೆ ಮೆಕ್ಕೆಜೋಳ ಅರಳಿಸಿದರು, ಮೊಟ್ಟೆ ಇಟ್ಟರು. ಮೊಟ್ಟೆ ಸಿಡಿಯಿತು ಎನ್ನುತ್ತಾರೆ. ಈಗಿನ ಮನೆ ಒಲೆಗಳ ಅಲೆ ಸೆಕೆಂಡಿಗೆ 245 ಕೋಟಿ ಸಲ ದಿಕ್ಕು ತೂಗುತ್ತದೆ, ಜೊತೆಗೆ ನೀರಿನ ಅಣುಗಳೂ ಹೊರಳಾಡಿ ಬಿಸಿಯಾಗುತ್ತವೆ. ಆಹಾರ ಒಳಗಿನಿಂದ ಹೊರಕ್ಕೆ ಬೇಯುತ್ತದೆ ಎಂಬ ಮಾತು ತಪ್ಪು. ಅಲೆ ಒಳಹೊಗುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಹಲಸಿನ ಬೇಳೆಯ ದಪ್ಪಕ್ಕೆ ಅಷ್ಟೇ ಸಾಕು. ಸೀಳಿದ ಹತ್ತು ಬೇಳೆಗೆ ನೀರು ಚಿಮುಕಿಸಿ, ತಟ್ಟೆ ಮುಚ್ಚಿಟ್ಟರೆ ನಮ್ಮ ಮನೆಯಲ್ಲಿ ಎರಡೂವರೆ ನಿಮಿಷಕ್ಕೆ ಮೆತ್ತಗೆ ಬೇಯುತ್ತವೆ. ಇನ್ನೆರಡು ನಿಮಿಷ ಬಿಟ್ಟರೆ ಕಲ್ಲು.

ಆದರೆ ಅದು ಸುಟ್ಟ ಬೇಳೆಯಲ್ಲ, ಬೆಂದ ಬೇಳೆ. ನೀರಿನ ಪಸೆ ಇರುವಷ್ಟು ಹೊತ್ತು ಬೇಳೆ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಸುಟ್ಟ ಘಮಕ್ಕೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದಬೇಕು. ಫ್ರಾನ್ಸಿನ ಲೂಯಿ ಕಾಮಿಲ್ ಮೇಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ. ಹಲಸಿನ ಬೇಳೆಯನ್ನು ಹುದುಗಿಸಿ, ಒಣಗಿಸಿ, ಹುರಿದರೆ ಚಾಕೊಲೇಟಿನ ಪರಿಮಳ ಏಳುತ್ತದೆಂದು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಕೆಂಡದ ಪಕ್ಕದ ಬೂದಿಗೆ 140 ಡಿಗ್ರಿಯ ಬಿಸಿ ಸಲೀಸು.

ಹಾಗಾಗಿ ಎರಡನ್ನೂ ಕೂಡಿಸಿ. ಮೈಕ್ರೋವೇವ್‌ನಿಂದ ತೆಗೆದ ಬೇಳೆಯನ್ನು ಕಾದ ಕಬ್ಬಿಣದ ಬಾಣಲೆಗೆ ಹಾಕಿ ಕೈಯಾಡಿಸಿ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕರಿ ಚುಕ್ಕೆ ಬಿದ್ದು, ಬಚ್ಚಲ ಒಲೆಯ ಮುಂದಿನ ಆ ವಾಸನೆ ಬಂದಾಗ ಇಳಿಸಿ.